ವೋಕಿಂಗ್–ವಾಟರ್‌ಲೂ ರೈಲು: ಒಬ್ಬ ನಿವೃತ್ತ ಗಾರ್ಡ್ ಕಂಡಂತೆ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಬಂದುಹೋಗುವ ನಮ್ಮ ಕಡೆಯ ಹಿರಿಯರು ಲಂಡನ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಲಂಡನ್ನಿಗೆ ಕರೆದೊಯ್ಯುವ ರೈಲಿನ ಬಗ್ಗೆ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹುಬ್ಬಳ್ಳಿ ವಿಭಾಗದಲ್ಲಿ ಗಾರ್ಡ್ ಆಗಿ ದುಡಿದವನು ನಾನು. ನನ್ನ ಕಣ್ಣು ಹೋಗುವುದೇ ಅಲ್ಲಿಗೆ.

ಮಗಳು, ಅಳಿಯ ಇರುವುದು ಸರ್ರೆ ಕೌಂಟಿಯ ವೋಕಿಂಗ್‌ನಲ್ಲಿ. ಇಲ್ಲಿಂದ ಲಂಡನ್ನಿನ ವಾಟರ್‌ಲೂ ನಿಲ್ದಾಣಕ್ಕೆ 24 ಮೈಲಿ, ಅಂದರೆ 39 ಕಿ.ಮೀ. ನಡುವೆ ನಿಲ್ಲದ ಗಾಡಿಯಾದರೆ ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವೆ ಇದರ ಅರ್ಧದಷ್ಟು ದೂರ, ಪ್ಯಾಸೆಂಜರ್ ಗಾಡಿಗೆ ಹೆಚ್ಚುಕಡಿಮೆ ಇಷ್ಟೇ ಹೊತ್ತು ಹಿಡಿಯುತ್ತದೆ. ಬಂದ ಹೊಸತರಲ್ಲಿ ಮಗಳು ಹೇಳಿದ ಮಾತು: "ಅಪ್ಪಾ, ಇಲ್ಲಿ ಮನಿ ಹುಡುಕುವಾಗ ಅಡಗಿಮನಿ ಆಮ್ಯಾಲೆ ನೋಡ್ತೀವಿ. ಸ್ಟೇಶನ್ನಿಗೆ ನಡಕೊಂಡು ಎಷ್ಟು ನಿಮಿಷ ಅನ್ನೋದು ಮೊದಲು." ಊರನ್ನು ಸುತ್ತಿ ನೋಡಿದ ಮೇಲೆ ಅದು ಪೂರಾ ನಿಜ ಅನ್ನಿಸಿತು. ಈ ಊರು ಹುಟ್ಟಿದ್ದೇ ರೈಲಿನಿಂದ.

1838ರ ಮೇ 21ರಂದು ಲಂಡನ್ನಿನ ನೈನ್ ಎಲ್ಮ್ಸ್‌ನಿಂದ ಇಲ್ಲಿಗೆ ಹಳಿ ತೆರೆಯಿತು. ವಾಟರ್‌ಲೂ ನಿಲ್ದಾಣ ಆಗಿನ್ನೂ ಇರಲಿಲ್ಲ, ಅದು ಆದದ್ದು 1848ರಲ್ಲಿ. ಆಗ ಈ ನಿಲ್ದಾಣದ ಹೆಸರು ವೋಕಿಂಗ್ ಕಾಮನ್. ಸುತ್ತಲೂ ಬರೀ ಕುರುಚಲು ಬಯಲು, ಪಕ್ಕದಲ್ಲೊಂದು ಕಾಲುವೆ. ನಿಜವಾದ ವೋಕಿಂಗ್ ಹಳ್ಳಿ ಒಂದೆರಡು ಮೈಲಿ ಆಚೆ ವೇ ನದಿಯ ದಂಡೆಯಲ್ಲಿತ್ತು, ಈಗಲೂ ಇದೆ. ಅದನ್ನು ಹಳೇ ವೋಕಿಂಗ್ ಅನ್ನುತ್ತಾರೆ. ಬಯಲಿನಲ್ಲಿ ಊರು ಎದ್ದ ಕಥೆ ಇನ್ನೂ ವಿಚಿತ್ರ. ಲಂಡನ್ನಿನಲ್ಲಿ ಕಾಲರಾ ಬಂದು ಹೆಣ ಹೂಳಲು ಜಾಗವೇ ಸಾಲದೆ ಹೋದಾಗ, 1852ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಲಂಡನ್ ನೆಕ್ರೊಪೊಲಿಸ್ ಕಂಪನಿ ಹುಟ್ಟಿತು. ಅದು ಇಲ್ಲಿನ 2,000 ಎಕರೆಗೂ ಹೆಚ್ಚು ಬಯಲು ಭೂಮಿ ಕೊಂಡು, 1854ರಲ್ಲಿ ಬ್ರೂಕ್‌ವುಡ್ ಎಂಬಲ್ಲಿ ಮಸಣ ತೆರೆಯಿತು. ಹೆಣ ಸಾಗಿಸಲು ವಾಟರ್‌ಲೂ ಪಕ್ಕದಲ್ಲಿ ಬೇರೆಯೇ ನಿಲ್ದಾಣ, ಬೇರೆಯೇ ಗಾಡಿ. ಶವಪೆಟ್ಟಿಗೆಗೂ ಟಿಕೆಟ್ ಕೊಡುತ್ತಿದ್ದರು, ಅದರಲ್ಲೂ ಫಸ್ಟ್, ಸೆಕೆಂಡ್, ಥರ್ಡ್ ಕ್ಲಾಸ್. ಜೊತೆಗೆ ಬಂದವರಿಗೆ ಹೋಗಿಬರುವ ಟಿಕೆಟ್, ಪೆಟ್ಟಿಗೆಗೆ ಹೋಗುವ ಟಿಕೆಟ್ ಮಾತ್ರ. 1941ರಲ್ಲಿ ಜರ್ಮನರ ಬಾಂಬು ಬಿದ್ದು ಆ ನಿಲ್ದಾಣ ಹಾಳಾಗುವವರೆಗೂ ಇದು ನಡೆಯಿತು. ಮಸಣಕ್ಕೆ ಬೇಕಿಲ್ಲದ ಭೂಮಿಯನ್ನು ಕಂಪನಿ ನಿಲ್ದಾಣದ ಸುತ್ತ ಸೈಟು ಮಾಡಿ ಮಾರಿತು. ಇವತ್ತಿನ ವೋಕಿಂಗ್ ಬೆಳೆದದ್ದು ಆ ಸೈಟುಗಳ ಮೇಲೆ.

ಇನ್ನು ಗಾಡಿಯ ವಿಷಯ. ಕಂಪನಿಯ ಹೆಸರು ಸೌತ್ ವೆಸ್ಟರ್ನ್ ರೈಲ್ವೆ. ಹೌದು, ನಮ್ಮ ಹುಬ್ಬಳ್ಳಿ ವಲಯದ ಹೆಸರೇ. ಮೇಲೆ ತಂತಿ ಇಲ್ಲ. ಹಳಿಯ ಪಕ್ಕದಲ್ಲಿ ಮೂರನೆಯ ಹಳಿಯೊಂದಿದೆ, ಅದರಲ್ಲಿ 750 ವೋಲ್ಟ್ ಡಿ.ಸಿ. ಕರೆಂಟು ಹರಿಯುತ್ತದೆ. 1937ರಲ್ಲಿ ಇಲ್ಲಿಗೆ ಬಂದ ವ್ಯವಸ್ಥೆ ಇದು. ನಮ್ಮ 25,000 ವೋಲ್ಟ್ ಎ.ಸಿ. ತಲೆಯ ಮೇಲಿರುತ್ತದೆ, ಇಲ್ಲಿ ಕಾಲ ಬುಡದಲ್ಲಿ. ಹಾಗಾಗಿ ಹಳಿ ದಾಟುವ ಮಾತೇ ಇಲ್ಲ, ಮೊಮ್ಮಕ್ಕಳ ಕೈ ಹಿಡಿದೇ ನಿಲ್ಲಿ. ಚಳಿಗಾಲದಲ್ಲಿ ಆ ಹಳಿಯ ಮೇಲೆ ಮಂಜುಗಡ್ಡೆ ಕಟ್ಟಿದರೆ ಕರೆಂಟು ಸರಿಯಾಗಿ ಸಿಗುವುದಿಲ್ಲ. ಎಲೆ ಉದುರುವ ಕಾಲದಲ್ಲಿ ತರಗೆಲೆ ಅರೆದು ಅಂಟಿಕೊಂಡು ಚಕ್ರ ಜಾರುತ್ತದೆ. ಅಕ್ಟೋಬರ್ ಮೇಲೆ ಬರುವವರು ಇದಕ್ಕೆಂದೇ ಒಂದಿಷ್ಟು ಹೊತ್ತು ಇಟ್ಟುಕೊಂಡು ಹೊರಡಬೇಕು.

ನನಗೆ ಅತಿ ಹಿಡಿಸಿದ್ದು ಗಾರ್ಡ್ ಕೆಲಸ. ವಾಟರ್‌ಲೂ ಕಡೆಯ ಹನ್ನೆರಡು ಬೋಗಿಯ ಗಾಡಿ ನಿಂತಾಗ ಗಾರ್ಡ್ ಇಳಿದು ಪ್ಲಾಟ್‌ಫಾರ್ಮ್ ಉದ್ದಕ್ಕೂ ಎರಡೂ ದಿಕ್ಕು ನೋಡುತ್ತಾರೆ. ಮೊದಲು ಉಳಿದ ಬಾಗಿಲೆಲ್ಲ ಮುಚ್ಚುತ್ತಾರೆ, ತಮ್ಮ ಬಾಗಿಲು ಮಾತ್ರ ತೆರೆದೇ ಇರುತ್ತದೆ. ಯಾರದಾದರೂ ಬ್ಯಾಗಿನ ಪಟ್ಟಿ, ಕೋಟಿನ ತುದಿ ಸಿಕ್ಕಿದೆಯೇ ಎಂದು ಮತ್ತೊಮ್ಮೆ ಕಣ್ಣು ಹಾಯಿಸಿ ಒಳಗೆ ಬಂದು ತಮ್ಮ ಬಾಗಿಲು ಮುಚ್ಚುತ್ತಾರೆ. ಆಮೇಲೆ ಡ್ರೈವರ್‌ಗೆ ಎರಡು ಸಲ ಬೆಲ್. ನಮ್ಮಲ್ಲಿ ಹಸಿರು ಬಾವುಟ, ಸೀಟಿ; ಇಲ್ಲಿ ಆ ಎರಡು ಬೆಲ್. ಹೊಣೆ ಅದೇ. ಮಾರ್ಚ್ 2023ರಲ್ಲಿ ಉದ್ಘಾಟನೆಯಾದ ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. ಉದ್ದ ನೋಡಿ ಬೆರಗಾಗುವವನಲ್ಲ ನಾನು. ಬೆಳಗಿನ ಹೊತ್ತು ಒಂದರ ಬೆನ್ನಿಗೆ ಒಂದು ಗಾಡಿ ಬರುತ್ತಿದ್ದರೂ ಈ ಕ್ರಮ ಒಂದು ಗಾಡಿಗೂ ತಪ್ಪದಿರುವುದು ನನ್ನನ್ನು ನಿಲ್ಲಿಸಿ ನೋಡುವಂತೆ ಮಾಡಿತು.

ಇದು ಸುಮ್ಮನೆ ಉಳಿದದ್ದಲ್ಲ. ಬಾಗಿಲು ಮುಚ್ಚುವ ಕೆಲಸ ಡ್ರೈವರ್‌ಗೆ ಹೋದರೆ ಗಾರ್ಡ್ ಗತಿ ಏನು ಎಂಬ ಪ್ರಶ್ನೆಯ ಮೇಲೆ ರೈಲು ನೌಕರರ ಸಂಘವಾದ ಆರ್‌ಎಂಟಿ ಯೂನಿಯನ್ ಇಲ್ಲಿ ವರ್ಷಗಟ್ಟಲೆ ಹೋರಾಡಿತು. 2019ರ ಡಿಸೆಂಬರ್‌ನಲ್ಲಿ 27 ದಿನ ಮುಷ್ಕರ ನಡೆಯಿತು. ಆಫೀಸಿಗೆ ಹೋಗುವವರಿಗೆ ಆಗ ಪಡಬಾರದ ಪಾಡಾಗಿರಬೇಕು. ಆದರೂ ನಾನು ಗಾರ್ಡ್‌ಗಳ ಪರ. ಬೋಗಿಯೊಳಗೆ ಮುದುಕರೊಬ್ಬರು ಬಿದ್ದರೆ ಕ್ಯಾಮೆರಾ ಎತ್ತಿ ಕೂರಿಸುವುದಿಲ್ಲ.

ಕಂಪನಿ ಈಗ ಮತ್ತೆ ಸರ್ಕಾರದ್ದು. ಬ್ರಿಟಿಷ್ ರೈಲು ಖಾಸಗಿಯಾದಾಗ, 1996ರಲ್ಲಿ, ಮೊದಲು ಕೈಬದಲಾದ ಮಾರ್ಗಗಳಲ್ಲಿ ಇದೂ ಒಂದು. ಹೊಸ ಕಾನೂನಿನಂತೆ ಮೊದಲು ಸರ್ಕಾರಕ್ಕೆ ಮರಳಿದ್ದೂ ಇದೇ, 2025ರ ಮೇ 25ರಂದು. ಆ ದಿನದ ಮೊದಲ ಗಾಡಿ ಬೆಳಿಗ್ಗೆ 5.36ಕ್ಕೆ ಹೊರಟದ್ದು ವೋಕಿಂಗ್‌ನಿಂದಲೇ. ಭಾನುವಾರವಾದ್ದರಿಂದ ಹಳಿ ಕೆಲಸ ನಡೆದು, ಪ್ರಯಾಣಿಕರು ಸರ್ಬಿಟನ್‌ನಲ್ಲಿ ಇಳಿದು ಉಳಿದ ದಾರಿಗೆ ಬಸ್ಸು ಹತ್ತಬೇಕಾಯಿತು. ಹಳಿ ಕೆಲಸ ನಿಲ್ಲಿಸಬಾರದು, ಅದು ಸುರಕ್ಷತೆಯ ವಿಷಯ. ಆದರೆ ಭಾನುವಾರ ಲಂಡನ್ ನೋಡುವ ಯೋಚನೆಯಿದ್ದರೆ ಶನಿವಾರವೇ ವೇಳಾಪಟ್ಟಿ ನೋಡಿಕೊಳ್ಳಿ.

ದರ ಮಾತ್ರ ನನಗೆ ಒಪ್ಪಿಗೆಯಿಲ್ಲ. ಇಲ್ಲಿಂದ ಲಂಡನ್ನಿಗೆ ವರ್ಷದ ಸೀಜನ್ ಟಿಕೆಟ್ 4,000 ಪೌಂಡ್ ದಾಟುತ್ತದೆ. ಅಷ್ಟು ಕೊಟ್ಟವರು ಮಂಗಳವಾರದಿಂದ ಗುರುವಾರದವರೆಗೆ ಎಷ್ಟೋ ಬೆಳಿಗ್ಗೆ ನಿಂತೇ ಹೋಗುತ್ತಾರೆ. ಕೆಲವು ಬೋಗಿಗಳಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು. ಮೂರರ ನಡುವಿನದು ಖಾಲಿ ಇದ್ದರೂ ಜನ ಅಲ್ಲಿ ಕೂರದೆ ಬಾಗಿಲ ಬಳಿ ನಿಲ್ಲುತ್ತಾರೆ. ಕೂತು ನೋಡಿದರೆ ಯಾಕೆಂದು ಭುಜಕ್ಕೆ ಗೊತ್ತಾಗುತ್ತದೆ. ನಮ್ಮಂಥವರಿಗೆ ಒಂದು ದಾರಿಯಿದೆ. 60 ತುಂಬಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ವಯಸ್ಸಿಗೆ ಪಾಸ್‌ಪೋರ್ಟ್ ಸಾಕು, ಈ ದೇಶದವರೇ ಆಗಿರಬೇಕಿಲ್ಲ. ದರದಲ್ಲಿ ಮೂರನೇ ಒಂದು ಪಾಲು ಇಳಿಯುತ್ತದೆ. ವಾರದ ದಿನ ಬೆಳಗಿನ ಗದ್ದಲದ ಹೊತ್ತಿಗೆ ಅದು ನಡೆಯುವುದಿಲ್ಲ, ತಿಂಡಿ ಮುಗಿಸಿ ಆರಾಮಾಗಿ ಹೊರಡಿ.

ತಡವಾದರೆ ಹಣ ವಾಪಸು ಕೊಡುವ ಪದ್ಧತಿ ನಮ್ಮಲ್ಲೂ ಬರಬೇಕು. 15 ನಿಮಿಷ ತಡವಾದರೆ ಆ ಪ್ರಯಾಣದ ದರದ ಕಾಲು ಭಾಗ, ಅರ್ಧ ಗಂಟೆಗೆ ಅರ್ಧ, ಒಂದು ಗಂಟೆಗೆ ಪೂರ್ತಿ. ಅರ್ಜಿ ಹಾಕುವುದು ಮೊಬೈಲಿನಲ್ಲೇ. ನಮ್ಮಲ್ಲಿ ಗಾಡಿ ಮೂರು ಗಂಟೆ ಮೀರಿ ತಡವಾಗಿ, ಪ್ರಯಾಣವನ್ನೇ ಬಿಟ್ಟರೆ ಮಾತ್ರ ಟಿಕೆಟ್ ಹಣ ಕೇಳಬಹುದು. ಕೂತು ಹೋದವನ ಹೊತ್ತಿಗೆ ಬೆಲೆಯಿಲ್ಲ.

ತಡವಾಗುವುದಕ್ಕೆ ಒಂದು ಕಾರಣ ಪ್ಲಾಟ್‌ಫಾರ್ಮ್ ಮೇಲಿಂದಲೇ ಕಾಣುತ್ತದೆ. ನಿಲ್ದಾಣದ ಪಶ್ಚಿಮಕ್ಕೆ ಪೋರ್ಟ್ಸ್‌ಮತ್ ಮಾರ್ಗ ಮುಖ್ಯ ಮಾರ್ಗದಿಂದ ಕವಲೊಡೆಯುತ್ತದೆ, ಎಲ್ಲ ಹಳಿಯೂ ಒಂದೇ ಮಟ್ಟದಲ್ಲಿ. ಒಂದು ಗಾಡಿ ಅಡ್ಡ ದಾಟುವಾಗ ಎದುರಿನದು ಕೆಂಪು ಸಿಗ್ನಲ್‌ಗೆ ಕಾಯಲೇಬೇಕು. ಜಂಕ್ಷನ್ನಿನಲ್ಲಿ ಕೆಲಸ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲ್ಸೇತುವೆ ಹಾಕಿ ಒಂದು ಹಳಿಯನ್ನು ಎತ್ತಿ ಒಯ್ಯುವ ಯೋಜನೆ ತಯಾರಾಗಿತ್ತು, ಕಟ್ಟಲಿಲ್ಲ. ಅದಾಗಿದ್ದರೆ ಸೌತಾಂಪ್ಟನ್, ಪೋರ್ಟ್ಸ್‌ಮತ್‌ವರೆಗೂ ಉಪಯೋಗವಾಗುತ್ತಿತ್ತು. ಅಲ್ಲೇ ಕವಲಿನಲ್ಲಿ 1937ರ ಹಳೆಯ ಸಿಗ್ನಲ್ ಕ್ಯಾಬಿನ್ ಇದೆ, ಈಗ ಸಂರಕ್ಷಿತ ಕಟ್ಟಡ. ಬಳಕೆಯಲ್ಲಿಲ್ಲ, ಆದರೆ ಒಡೆದುಹಾಕದೆ ಉಳಿಸಿದ್ದಾರೆ. ಅದಕ್ಕೆ ನನ್ನ ಮೆಚ್ಚುಗೆ.

ಊರಿನ ಬಗ್ಗೆ ಎರಡು ಮಾತು. ರೈಲಿನಿಂದ ಇಳಿದರೆ 34 ಅಂತಸ್ತಿನ ಗೋಪುರ ಎದುರಾಗುತ್ತದೆ. ಇಂಥ ಕಟ್ಟಡಗಳಿಗೆ ಸಾಲ ಮಾಡಿ ನಗರಸಭೆ 2023ರ ಜೂನ್‌ನಲ್ಲಿ ದಿವಾಳಿ ಘೋಷಿಸಿತು. ಕೊರತೆ 120 ಕೋಟಿ ಪೌಂಡ್. ಕಾನೂನಿನ ಪ್ರಕಾರ ಮಾಡಲೇಬೇಕಾದ ಖರ್ಚು ಬಿಟ್ಟರೆ ಬೇರೆ ಹೊಸ ಖರ್ಚಿಗೆ ತಡೆ ಬಿತ್ತು. ಸಾಮಾನ್ಯ ಜನರ ಮೇಲೆ ಈ ಹೊರೆ ಬಿದ್ದದ್ದು ಅನ್ಯಾಯ. ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಓರಿಯೆಂಟಲ್ ರಸ್ತೆಯಲ್ಲಿ, 1889ರ ಶಾಹಜಹಾನ್ ಮಸೀದಿ ಇದೆ. ಭೋಪಾಲಿನ ಬೇಗಂ ಶಾಹಜಹಾನ್ ಅವರ ಹಣದಿಂದ ಕಟ್ಟಿದ್ದು, ಬ್ರಿಟನ್ನಿನಲ್ಲಿ ಮಸೀದಿಯೆಂದೇ ಕಟ್ಟಿದವುಗಳಲ್ಲಿ ಮೊದಲನೆಯದು. ತಪ್ಪದೆ ನೋಡಿ.

ಇನ್ನೊಂದು ಜಾಗವನ್ನು ಕರ್ನಾಟಕದಿಂದ ಬಂದವರು ನೋಡಲೇಬೇಕು. ವಾಟರ್‌ಲೂ ಕಡೆಗಲ್ಲ, ಅದರ ಎದುರು ದಿಕ್ಕಿನ ನಿಧಾನದ ಗಾಡಿ ಹತ್ತಿ. ಮುಂದಿನ ನಿಲ್ದಾಣವೇ ಬ್ರೂಕ್‌ವುಡ್. ನಿಲ್ದಾಣದಿಂದಲೇ ಮಸಣಕ್ಕೆ ದಾರಿಯಿದೆ. ಅಲ್ಲಿನ ಪಾರ್ಸಿಗಳ ಭಾಗದಲ್ಲಿ ಜಮಶೇಟ್‌ಜಿ ಟಾಟಾ ಅವರ ಕಲ್ಲಿನ ಸಮಾಧಿ ಇದೆ. 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡವರನ್ನು ಇಲ್ಲಿ ತಂದು ಇಟ್ಟರು. ಮಕ್ಕಳಾದ ದೊರಾಬ್‌ಜಿ, ರತನ್ ಅವರ ಸಮಾಧಿಗಳೂ ಇಲ್ಲೇ. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟು, 1909ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಜ್ಞಾನ ಸಂಸ್ಥೆ ಇವರು ಕಂಡ ಕನಸು. ಬೆಂಗಳೂರಿನ ಬಸ್ಸಿನಲ್ಲಿ ಇವತ್ತಿಗೂ "ಟಾಟಾ ಇನ್‌ಸ್ಟಿಟ್ಯೂಟ್" ಅಂತಲೇ ಟಿಕೆಟ್ ಕೇಳುತ್ತೇವಲ್ಲ, ಅದೇ ಟಾಟಾ. ಮಸಣ ಬಹಳ ದೊಡ್ಡದು, ಭಾಗಗಳ ನಕ್ಷೆ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಮಳೆಯಾಗಿದ್ದರೆ ನೆಲ ಕೆಸರು, ಚಪ್ಪಲಿ ಬೇಡ, ಬೂಟು ಹಾಕಿ. ವೇಗದ ಗಾಡಿಗಳು ಬ್ರೂಕ್‌ವುಡ್‌ನಲ್ಲಿ ನಿಲ್ಲುವುದಿಲ್ಲ, ಬೋರ್ಡಿನಲ್ಲಿ ಹೆಸರು ನೋಡಿಯೇ ಹತ್ತಿ.