ಉದ್ದ ಜನಕ್ಕೆ ಹಗುರ ಟೆಂಟ್: ಎಕ್ಸ್-ಮಿಡ್ 2 ಬಳಸಿದ ಮೇಲೆ

ನನ್ನ ಎತ್ತರ 6 ಅಡಿ 4 ಇಂಚು, ಅಂದರೆ 193 ಸೆಂ.ಮೀ. ಇಷ್ಟು ಉದ್ದ ಇರುವವರು ಟೆಂಟ್ ತಗೊಳ್ಳುವಾಗ ಕಂಪನಿಯವರು ಬರೆದ ನೆಲದ ಉದ್ದವನ್ನು ಮಾತ್ರ ನೋಡಬಾರದು. ನೆಲದಿಂದ ಒಂದು ಅಡಿ ಮೇಲೆ ಎಷ್ಟು ಉದ್ದ ಉಳಿಯುತ್ತದೆ ಅನ್ನುವುದೇ ಮುಖ್ಯ.

ಲೆಕ್ಕ ಸುಲಭ. ಇಬ್ಬರು ಮಲಗುವ ಹಗುರ ಟೆಂಟುಗಳಲ್ಲಿ ನೆಲದ ಉದ್ದ 210, 213 ಸೆಂ.ಮೀ. ಇರುವುದು ಸಾಮಾನ್ಯ. 193ಕ್ಕೆ ಧಾರಾಳ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಟೆಂಟಿನ ಗೋಡೆ ಒಳಕ್ಕೆ ವಾಲಿರುತ್ತದೆ. ನಾವೂ ಬರೀ ನೆಲದ ಮೇಲೆ ಮಲಗುವುದಿಲ್ಲ. ಕೆಳಗೆ 8 ಸೆಂ.ಮೀ. ದಪ್ಪದ ಗಾಳಿ ಹಾಸಿಗೆ ಇರುತ್ತದೆ. ಅಂಗಾತ ಮಲಗಿದರೆ ಕಾಲ್ಬೆರಳು ಅದರ ಮೇಲೆ ಇನ್ನೊಂದು ಗೇಣು ಎದ್ದಿರುತ್ತದೆ. ಒಟ್ಟು 30 ಸೆಂ.ಮೀ. ಆಯಿತು. ದಿಂಬಿನ ಮೇಲಿರುವ ತಲೆಯೂ ಹೆಚ್ಚು ಕಡಿಮೆ ಅಷ್ಟೇ ಎತ್ತರಕ್ಕೆ ಬರುತ್ತದೆ. ಗೋಡೆ 60 ಡಿಗ್ರಿ ಕೋನದಲ್ಲಿದ್ದರೆ ಆ ಎತ್ತರದಲ್ಲಿ ಒಂದೊಂದು ತುದಿಯಲ್ಲೂ 17 ಸೆಂ.ಮೀ. ಹೋಗುತ್ತದೆ. 213ರಲ್ಲಿ 34 ಕಳೆದರೆ ಉಳಿಯುವುದು 179. ಮಂಡಿ ಮಡಚದೆ ಬೇರೆ ದಾರಿಯೇ ಇಲ್ಲ.

ಮಂಡಿ ಮಡಚಿ ಮಲಗುವುದನ್ನಾದರೂ ತಡೆದುಕೊಳ್ಳಬಹುದು. ಒದ್ದೆಯಾಗುವುದನ್ನು ತಡೆದುಕೊಳ್ಳುವುದು ಕಷ್ಟ. ಚಳಿ ರಾತ್ರಿಯಲ್ಲಿ ನಮ್ಮ ಉಸಿರಿನ ತೇವವೇ ಮಳೆ ತಡೆಯುವ ಹೊರಹೊದಿಕೆಯ ಒಳಗಡೆ ಹನಿಯಾಗಿ ಕೂರುತ್ತದೆ. ಎಂಥ ದುಬಾರಿ ಟೆಂಟ್ ಆದರೂ ಬೆವರುತ್ತದೆ. ಆ ಹೊದಿಕೆಯೊಳಗೆ ಸೊಳ್ಳೆಪರದೆಯಂಥ ಇನ್ನೊಂದು ಪದರ ಇರುತ್ತದೆ. ಕಾಲು ಈ ಒಳಗಿನ ಬಲೆಯನ್ನು ಒತ್ತುತ್ತದೆ, ಬಲೆ ಹೊದಿಕೆಗೆ ಅಂಟುತ್ತದೆ, ಆ ನೀರೆಲ್ಲ ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆಗೆ ಇಳಿಯುತ್ತದೆ. ನನ್ನ ಹಳೇ ಟೆಂಟಿನಲ್ಲಿ ಬೆಳಗ್ಗೆ ಎದ್ದರೆ ಬ್ಯಾಗಿನ ತುದಿ ಹಿಂಡುವಷ್ಟು ಒದ್ದೆಯಾಗಿರುತ್ತಿತ್ತು. ಬ್ಯಾಗಿನೊಳಗೆ ತುಂಬಿದ ಹಕ್ಕಿಯ ಗರಿ ಮುದ್ದೆಯಾದರೆ ಮುಂದಿನ ರಾತ್ರಿ ಪಾದ ಬೆಚ್ಚಗಾಗುವುದೇ ಇಲ್ಲ.

ಹಾಗಾಗಿ ಬಂದಿದ್ದು ಡರ್ಸ್ಟನ್ ಎಕ್ಸ್-ಮಿಡ್ 2. ಡ್ಯಾನ್ ಡರ್ಸ್ಟನ್ ಅನ್ನುವ ಕೆನಡಾದವರ ವಿನ್ಯಾಸ. ಇಲ್ಲಿನ ಅಂಗಡಿಗಳಲ್ಲಿ ನನಗೆ ಕಾಣಲಿಲ್ಲ. ಅಮೆರಿಕದಿಂದ ಊರಿಗೆ ಬರುತ್ತಿದ್ದ ಅತ್ತೆ ಮಗನ ಕೈಲಿ ತರಿಸಿದೆ. ಒಳಗಿನ ನೆಲ 92 ಇಂಚು ಉದ್ದ, 50 ಇಂಚು ಅಗಲ. ಉದ್ದ ಸುಮಾರು 233 ಸೆಂ.ಮೀ. ಆಯಿತು. ಮೇಲಿನ ಲೆಕ್ಕವನ್ನೇ ಇಲ್ಲಿ ಹಾಕಿದರೆ 199 ಉಳಿಯುತ್ತದೆ. ನನಗೆ ಸರಿಹೋಗುತ್ತದೆ, ಆದರೆ ದಂಡಿಯಾಗಿ ಉಳಿಯುವುದಿಲ್ಲ. ನಿಮ್ಮದು 6 ಅಡಿ 7 ಇಂಚು ಆದರೆ ಇದನ್ನೂ ಬಿಟ್ಟು ಬೇರೆ ನೋಡಿ, ಅಥವಾ ತೆಳ್ಳಗಿನ ಹಾಸಿಗೆ ಹಾಕಿ.

ಅದಕ್ಕಿಂತ ಖುಷಿ ಕೊಟ್ಟಿದ್ದು ಕೂರುವ ಎತ್ತರ. ಉದ್ದ ಇರುವವರಿಗೆ ಕೂತಾಗ ಬೆನ್ನು, ತಲೆ ಸೇರಿ ಒಂದು ಮೀಟರ್ ಆಗುತ್ತದೆ, ಹಾಸಿಗೆ ಬೇರೆ. ಸುಮಾರು ಹಗುರ ಟೆಂಟುಗಳ ನೆತ್ತಿ 100 ಸೆಂ.ಮೀ. ಆಸುಪಾಸು ಇರುತ್ತದೆ. ತಲೆ ತಗ್ಗಿಸಿಯೇ ಅಂಗಿ ಬದಲಿಸಬೇಕು. ಇದರದ್ದು 117 ಸೆಂ.ಮೀ. ನೆಟ್ಟಗೆ ಕೂತು ಶೂ ಹಾಕಿಕೊಳ್ಳಬಹುದು. ಎರಡು ಕಡೆ ಬಾಗಿಲು, ಬಾಗಿಲ ಮುಂದೆ ಚಿಕ್ಕ ಜಗಲಿಯಂಥ ಜಾಗ. ಒದ್ದೆ ಶೂ, ಬ್ಯಾಗು ಎಲ್ಲ ಅಲ್ಲೇ. ಜೊತೆಯಲ್ಲಿ ಮಲಗಿರುವ ತಮ್ಮನನ್ನು ದಾಟದೆ ರಾತ್ರಿ ಎದ್ದು ಹೋಗಬಹುದು. ನನ್ನಷ್ಟು ಕೈಕಾಲು ಇರುವವರಿಗೆ ಇದು ದೊಡ್ಡ ಅನುಕೂಲ.

ತೂಕ ಒಂದು ಕಿಲೋ ಆಸುಪಾಸು, ಗೂಟ ಬಿಟ್ಟು. ಇದಕ್ಕೆ ಸ್ವಂತ ಕಂಬ ಇಲ್ಲ, ನಡೆಯುವಾಗ ಊರುವ ಕೋಲು, ಅಂದರೆ ಎರಡು ಟ್ರೆಕಿಂಗ್ ಪೋಲ್ ಮೇಲೆ ನಿಲ್ಲುತ್ತದೆ. ನಮ್ಮಂಥವರಿಗೆ ಸ್ಲೀಪಿಂಗ್ ಬ್ಯಾಗು, ಹಾಸಿಗೆ, ಬಟ್ಟೆ ಎಲ್ಲದರಲ್ಲೂ ದೊಡ್ಡ ಸೈಜೇ ಬೇಕು, ಎಲ್ಲದರಲ್ಲೂ ತೂಕ ಜಾಸ್ತಿ. ಟೆಂಟಿನಲ್ಲಾದರೂ ಉಳಿಯಲಿ ಅನ್ನುವುದು ನನ್ನ ಆಸೆ. ಒಂದು ಮಾತು ನೆನಪಿಡಿ. ಪೋಲ್ ಉದ್ದ ಹೆಚ್ಚು ಕಡಿಮೆ ಮಾಡಲು ಬರಬೇಕು. ಉದ್ದ ಜನ ಸುಮ್ನೆ 130 ಸೆಂ.ಮೀ.ನ ಮಡಚುವ ಪೋಲ್ ತಗೊಂಡಿರುತ್ತಾರೆ. ಅದು ಚಿಕ್ಕದಾಗದಿದ್ದರೆ ಈ ಟೆಂಟಿಗೆ ಹೊಂದುವುದಿಲ್ಲ.

ಮಲೆನಾಡಿನ ಮಳೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮೊದಲು ಹೊರಹೊದಿಕೆ ನಿಲ್ಲಿಸಿ, ಅದರ ಕೆಳಗೆ ಒಳಗಿನ ಬಲೆ ಕಟ್ಟಬಹುದು. ಸುರಿಯುತ್ತಿದ್ದರೂ ಒಳಗೆ ಹನಿ ಬೀಳುವುದಿಲ್ಲ. ಬಟ್ಟೆ ಪಾಲಿಯೆಸ್ಟರ್. ನೈಲಾನ್ ನೆನೆದರೆ ಜೋಲುತ್ತದೆ, ಮಧ್ಯರಾತ್ರಿ ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್‌ಗೆ ಆ ಕಾಟ ಕಡಿಮೆ. ಸುತ್ತಲೂ ಬಲೆ, ಅಂಚು ಎತ್ತರಿಸಿದ ನೆಲ ಇರುವುದರಿಂದ ಸಕಲೇಶಪುರದ ಕಡೆ ಇಂಬಳಗಳು ಹೊರಗೇ ಉಳಿದವು.

ಕಷ್ಟ ಜಾಗದ್ದು. ಹೆಚ್ಚು ಕಡಿಮೆ ಎರಡೂವರೆ ಮೀಟರ್ ಉದ್ದಗಲದ ಸಮ ನೆಲ ಬೇಕು. ಬಂಡೆಗಳ ನಡುವೆ ಅಷ್ಟು ಜಾಗ ಸಿಗುವುದೇ ಕಷ್ಟ. ನಾಲ್ಕು ಮೂಲೆಗೂ ಗೂಟ ಕೂರಲೇಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಗಟ್ಟಿ ಕೆಂಪು ನೆಲಕ್ಕೆ ತೆಳ್ಳಗಿನ ಗೂಟ ಬಗ್ಗಿಹೋಗುತ್ತದೆ. ನಾನು ಆರು ಇಂಚಿನ ಕಬ್ಬಿಣದ ಮೊಳೆ ಒಯ್ಯುತ್ತೇನೆ. ಕಾಫಿ ಒಣಗಿಸುವ ಸಿಮೆಂಟು ಕಣದಲ್ಲಾದರೆ ಹಗ್ಗಕ್ಕೆ ದಪ್ಪ ಕಲ್ಲು ಕಟ್ಟಬೇಕು. ಒಂದು ತೋಟದಲ್ಲಿ ಸಾಹುಕಾರರು ನಿಂತು ನೋಡಿ, "ಇಷ್ಟು ಉದ್ದ ಇದ್ದೀರಿ, ಇದರೊಳಗೆ ಹಿಡಿತೀರಾ ಸಾರ್?" ಅಂದರು. ಒಳಗೆ ಮಲಗಿ ತೋರಿಸಿದೆ. ಆಮೇಲೆ ಅವರೇ ಕಲ್ಲು ಹೊರಿಸಿ ತರಿಸಿಕೊಟ್ಟರು.

ಕರ್ನಾಟಕದ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಹಾಕುವ ಹಾಗಿಲ್ಲ. ಬೆಂಗಳೂರಿನಿಂದ ಹೊರಟರೆ ನಮಗೆ ಸಿಗುವುದು ಬಹುಪಾಲು ಖಾಸಗಿ ತೋಟ, ಹೋಂಸ್ಟೇ ಅಂಗಳ, ಇಲ್ಲವೇ ಹಿಮಾಲಯ. ಕಾರು ಬಾಗಿಲವರೆಗೂ ಹೋಗುವ ಕಡೆಗಷ್ಟೇ ಹೋಗುವವರಿಗೆ ಇದು ಬೇಡ. ನಾಲ್ಕು ಜನರ ಗುಮ್ಮಟದ ಟೆಂಟ್ ಅಗ್ಗಕ್ಕೆ ಸಿಗುತ್ತದೆ, ಅಡ್ಡ ಮಲಗಿದರೂ ಜಾಗ ಉಳಿಯುತ್ತದೆ. ಬೆನ್ನ ಮೇಲೆ ಹೊರುವವರಿಗೆ ಮಾತ್ರ ಈ ಖರ್ಚು ಸರಿ.

ಯಾವ ಟೆಂಟ್ ಆದರೂ ಸರಿ, ಅಂಗಡಿಯಲ್ಲಿ ಬಿಡಿಸಿ ನಿಲ್ಲಿಸಿದ್ದರೆ ಒಳಗೆ ಹೋಗಿ ಮಲಗಿ ನೋಡಿ. ನಿಮ್ಮದೇ ಹಾಸಿಗೆ ಒಯ್ದು ಊದಿ ಹಾಸಿ, ಸಂಕೋಚ ಬೇಡ. ಆನ್‌ಲೈನಿನಲ್ಲಿ ತರಿಸುವುದಾದರೆ ನಿಮ್ಮ ಎತ್ತರಕ್ಕೆ ಕನಿಷ್ಠ 40 ಸೆಂ.ಮೀ. ಸೇರಿಸಿ, ನೆಲದ ಉದ್ದ ಅದಕ್ಕಿಂತ ಕಡಿಮೆ ಇದ್ದರೆ ಅದನ್ನು ಬಿಟ್ಟು ಬೇರೆ ನೋಡಿ. ಹಾಸಿಗೆಯೂ 196 ಸೆಂ.ಮೀ.ನದ್ದೇ ಬೇಕು. 183ರದ್ದರಲ್ಲಿ ಹಿಮ್ಮಡಿ ನೆಲಕ್ಕೆ ಬಿದ್ದು ಕೊರೆಯುತ್ತದೆ.

ಮನೆಗೆ ಬಂದ ದಿನವೇ ಟೆರೇಸ್ ಮೇಲೆ ಹರವಿ ಒಣಗಿಸಿ, ನೆರಳಿನಲ್ಲಿ. ಜುಲೈ, ಆಗಸ್ಟಿನಲ್ಲಿ ಬೆಂಗಳೂರಿನ ಬಿಸಿಲು ನಂಬುವಂತಿಲ್ಲ. ನಾನು ಮನೆಯ ಹಾಲ್‌ನಲ್ಲಿ ಹಗ್ಗ ಕಟ್ಟಿ, ಫ್ಯಾನ್ ಹಾಕಿ ಒಂದು ರಾತ್ರಿ ಬಿಡುತ್ತೇನೆ.