3 ಇಂಚಿನ ಚರ್ಮದ ಪಟ್ಟಿ: ಕೈ ಪಳಗಿಸಲು ತಕ್ಕದ್ದು

ಕ್ಷೌರದ ಕತ್ತಿಯನ್ನು ಪಟ್ಟಿಗೆ ಉಜ್ಜುವುದನ್ನು ಈಗಷ್ಟೇ ಕಲಿಯುತ್ತಿರುವವರಿಗೆ ಚರ್ಮ, ಕ್ಯಾನ್ವಾಸ್ ಎರಡೂ ಇರುವ ಈ ತೂಗುಪಟ್ಟಿಯನ್ನು (ಒಂದು ತುದಿ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಕೈಯಲ್ಲಿ ಎಳೆದು ಹಿಡಿಯುವ ಪಟ್ಟಿ) ತೆಗೆದುಕೊಳ್ಳಿ ಎಂದು ಧೈರ್ಯವಾಗಿ ಹೇಳಬಹುದು. 3 ಇಂಚು ಅಗಲ ಇರುವುದರಿಂದ ಅಲಗು ಹೆಚ್ಚುಕಡಿಮೆ ಪೂರ್ತಿ ಕೂರುತ್ತದೆ. 2 ಇಂಚಿನದಾದರೆ ಅಲಗಿನ ಬುಡದಿಂದ ತುದಿಯವರೆಗೆ ಓರೆಯಾಗಿ ಎಳೆಯಬೇಕು, ಹೊಸ ಕೈಗೆ ಅದು ಕಷ್ಟ.

ಮೊದಲು ಕ್ಯಾನ್ವಾಸ್ ಮೇಲೆ 20 ಸುತ್ತು (ಹೋಗಿ ಬಂದರೆ ಒಂದು ಸುತ್ತು), ಆಮೇಲೆ ಚರ್ಮದ ಮೇಲೆ 40ರಿಂದ 50. ಕತ್ತಿಯ ಬೆನ್ನು ಮುಂದೆ, ಬಾಯಿ (ಹರಿತವಾದ ಅಂಚು) ಹಿಂದೆ. ಪಟ್ಟಿಯ ತುದಿ ಮುಟ್ಟಿದಾಗ ಕತ್ತಿ ನಿಲ್ಲಬೇಕು, ಬೆನ್ನು ಚರ್ಮ ಬಿಡದೆ ಅದರ ಮೇಲೇ ಮಗುಚಬೇಕು, ಆಮೇಲಷ್ಟೇ ವಾಪಸ್ ಎಳೆತ. ನಿಲ್ಲುವ ಮೊದಲೇ ಮಗುಚಿದರೆ ಪಟ್ಟಿಗೆ ಗಾಯ ಖಂಡಿತ. ವೇಗ ತಾನಾಗಿ ಬರುತ್ತದೆ, ಅವಸರ ಬೇಡ.

ಒಂದು ದೋಷವಿದೆ: ಹಿಡಿಕೆ ಚಿಕ್ಕದು, ಬಿಗಿಯಾಗಿ ಎಳೆದು ಹಿಡಿಯಲು ಬೆರಳು ಸೋಲುತ್ತವೆ. ಪಟ್ಟಿ ಜೋತುಬಿದ್ದರೆ ಚರ್ಮ ಬಾಯಿಯ ಸುತ್ತ ಬಾಗಿ ಹರಿತವನ್ನೇ ಮೊಂಡು ಮಾಡುತ್ತದೆ; ಒತ್ತಿ ಉಜ್ಜಿದರೂ ಅದೇ ಗತಿ. ಕತ್ತಿಯ ಭಾರವೇ ಸಾಕು.

ಚರ್ಮ ನುಣುಪಾಗಿದೆ, ಹದವಾದ ಹಿಡಿತ ಕೊಡುತ್ತದೆ. ಬಳಸುವ ಮುನ್ನ ಒಣ ಅಂಗೈಯಿಂದ ಚೆನ್ನಾಗಿ ತೀಡಿ. ಹರಿತ ಹೆಚ್ಚಿಸಲು ಪಟ್ಟಿಗೆ ಬಳಿಯುವ ಹಸಿರು ಪೇಸ್ಟ್ ಮಾತ್ರ ಇದಕ್ಕೆ ಬಳಿಯಬೇಡಿ, ಅದಕ್ಕೆ ಬೇರೆ ಪಟ್ಟಿ ಇರಲಿ.