ಆಂಕರ್ ವಾಷ್‌ಡೌನ್ ಪಂಪ್ ಕಿಟ್, ಒಂದು ಸೀಸನ್ ಪೂರ್ತಿ ಬಳಸಿದ ಮೇಲೆ

ಬಕೆಟ್‌ಗೆ ಹಗ್ಗ ಕಟ್ಟಿ ನೀರು ಎತ್ತಿ ಎತ್ತಿ ಲಂಗರಿನ ಚೈನ್ ತೊಳೆದವರಿಗೆ ಆ ಕಷ್ಟ ಏನಂತ ಗೊತ್ತಿರುತ್ತೆ. ಜೇಡಿ ಮಣ್ಣಿರೋ ಕಡೆ ರಾತ್ರಿ ಲಂಗರು ಹಾಕಿ ಬೆಳಗ್ಗೆ ಎತ್ತಿದ್ರೆ ಒಂದೊಂದು ಕೊಂಡಿಲೂ ಕೆಸರು ಮೆತ್ತಿಕೊಂಡು ಬರುತ್ತೆ, ಅದು ಹಾಗೇ ಚೈನ್ ಇಡೋ ಲಾಕರ್ ಒಳಗೆ ಹೋದ್ರೆ ನೀರು ಹೋಗೋ ತೂತು ಕಟ್ಟಿಕೊಂಡು ಎರಡೇ ದಿನಕ್ಕೆ ಮುಂದಿನ ಕ್ಯಾಬಿನ್‌ನಲ್ಲಿ ಮಲಗೋಕೆ ಆಗದಷ್ಟು ನಾತ. ನಮ್ಮದು 10 ಮೀಟರ್ ಉದ್ದದ ಹಾಯಿ ದೋಣಿ. ಹೋದ ಸೀಸನ್ ಶುರುವಲ್ಲಿ ಪಂಪಿಂದ ನೀರು ಚಿಮ್ಮಿಸಿ ಲಂಗರು, ಚೈನ್ ತೊಳೆಯೋ ಒಂದು ವಾಷ್‌ಡೌನ್ ಕಿಟ್ ತಂದು ನಾವೇ ಕೂತು ಹಾಕಿದ್ವಿ, ಹಾಕಬೇಕು ಅಂತಿರೋರಿಗೆ ಉಪಯೋಗ ಆಗಲಿ ಅಂತ ಬರೀತಿದೀನಿ.

ಪೆಟ್ಟಿಗೆಲಿ ಬಂದಿದ್ದು 12 ವೋಲ್ಟ್‌ನ ಡಯಾಫ್ರಾಮ್ ಪಂಪ್ (ನಿಮಿಷಕ್ಕೆ 19 ಲೀಟರ್, ಒತ್ತಡ 70 ಪಿಎಸ್‌ಐ ಅಂತ ಮೇಲೆ ಬರೆದಿತ್ತು), ಒಂದು ಸ್ಟ್ರೈನರ್ (ಕಸ ಹಿಡಿಯೋ ಜಾಲರಿ), ಡೆಕ್ ಮೇಲೆ ಕೂರಿಸೋ ನಲ್ಲಿ, ಸುರುಳಿ ಹೋಸ್, ಹಿತ್ತಾಳೆ ನಾಝಲ್. ಪಂಪ್ ಬಗ್ಗೆ ನಂದು ಒಂದೇ ಒಂದು ದೂರೂ ಇಲ್ಲ. ನೀರಿನ ಮಟ್ಟಕ್ಕಿಂತ ಮೇಲೇ ಇಟ್ಟಿದೀನಿ, ಆದ್ರೂ ತಾನಾಗೇ ನೀರು ಎಳ್ಕೊಳ್ಳುತ್ತೆ, ನಾಝಲ್ ಮುಚ್ಚಿದ ತಕ್ಷಣ ಪ್ರೆಶರ್ ಸ್ವಿಚ್ ನಿಲ್ಲಿಸುತ್ತೆ, ತೆಗೆದ್ರೆ ಮತ್ತೆ ಓಡುತ್ತೆ. ಕೆಳಗೆ ರಬ್ಬರ್ ಕಾಲು ಇರೋದ್ರಿಂದ ಸದ್ದೂ ಕಮ್ಮಿ.

ಆದ್ರೆ ಮೊದಲ ವಾರ ನಂಗೆ ಅಳು ಬರೋದೊಂದು ಬಾಕಿ. ಇಷ್ಟೆಲ್ಲಾ ಕಷ್ಟಪಟ್ಟು ಹಾಕಿ ಸ್ವಿಚ್ ಒತ್ತಿದ್ರೆ ಗಿಡಕ್ಕೆ ನೀರು ಹಾಕೋ ಹಾಗೆ ಬರ್ತಿದೆ, ಕೆಸರು ಅಲುಗಾಡ್ತಾನೇ ಇಲ್ಲ. ಪಂಪೇ ಕೆಟ್ಟಿದೆ ಅಂದ್ಕೊಂಡು ಬಿಚ್ಚಿ ವಾಪಸ್ ಕಳಿಸೋಕೆ ಹೊರಟಿದ್ದೆ, ಕೊನೆಗೆ ಮಲ್ಟಿಮೀಟರ್ ಹಿಡಿದು ನೋಡಿದ್ರೆ ಬ್ಯಾಟರಿ ಹತ್ರ 12.6 ವೋಲ್ಟ್ ಇದೆ, ಪಂಪ್ ಓಡೋವಾಗ ಅದರ ಹತ್ರ ಬರೀ 11.1! ತಪ್ಪು ವೈರಿಂದು. ಬ್ಯಾಟರಿ ದೋಣಿ ಹಿಂದುಗಡೆ, ಪಂಪ್ ಮುಂದಿನ ಮೂತಿಲಿ, ಮಧ್ಯೆ 9 ಮೀಟರ್, ಕರೆಂಟು ಹೋಗಿ ವಾಪಸ್ ಬರಬೇಕು ಅಂದ್ರೆ 18 ಮೀಟರ್ ಲೆಕ್ಕ, ಪಂಪ್ ಎಳೆಯೋದು 12 ಆಂಪ್ಸ್, ನಾನು ಹಾಕಿದ್ದು 2.5 ಸ್ಕ್ವೇರ್ ಎಂಎಂ ವೈರ್, ಅಷ್ಟು ದೂರಕ್ಕೆ ಅದು ತೀರಾ ಸಣ್ಣ, ವೋಲ್ಟೇಜ್ ದಾರಿಲೇ ಇಳಿದುಹೋಗ್ತಿತ್ತು. ಅದನ್ನ ಕಿತ್ತು 10 ಸ್ಕ್ವೇರ್ ಎಂಎಂ ತವರ ಲೇಪನದ ವೈರ್ ಎಳೆದ ಮೇಲೆ ಪಂಪ್ ಹತ್ರ 12.2 ಸಿಗ್ತಿದೆ, ನೀರು ಚೈನಿಗೆ ಹೊಡೆದ್ರೆ ಮಣ್ಣು ಉಂಡೆ ಉಂಡೆಯಾಗಿ ಉದುರುತ್ತೆ. ಕಿಟ್ ಜೊತೆ ಬಂದ ಹಾಳೆಲಿ ವೈರ್ ದಪ್ಪದ ಬಗ್ಗೆ ಒಂದೇ ಒಂದು ಸಾಲಿತ್ತು, ದೂರದ ಲೆಕ್ಕ ಇರಲೇ ಇಲ್ಲ, ಇದು ನಿಜವಾಗ್ಲೂ ಬೇಜಾರಾಯ್ತು. ಫ್ಯೂಸ್ ಮಾತ್ರ ಬ್ಯಾಟರಿ ಪಕ್ಕದಲ್ಲೇ ಇರಲಿ, ಪಂಪ್ ಹತ್ರ ಹಾಕಿದ್ರೆ ಮಧ್ಯದ ವೈರಿಗೆ ರಕ್ಷಣೆ ಇರಲ್ಲ.

ನೀರು ಎಲ್ಲಿಂದ ತಗೊಳ್ಳೋದು ಅನ್ನೋದು ಇನ್ನೊಂದು ದೊಡ್ಡ ಪ್ರಶ್ನೆ. ಕುಡಿಯೋ ನೀರಿನ ಟ್ಯಾಂಕಿಂದ ತಗೊಂಡ್ರೆ ಉಪ್ಪಿನ ಕಾಟ ಇಲ್ಲ, ಆದ್ರೆ ನಿಮಿಷಕ್ಕೆ ಅಷ್ಟು ಲೀಟರ್ ಖಾಲಿ ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ? ಸಮುದ್ರದ ನೀರೇ ಸರಿ. ಅದಕ್ಕೆ ದೋಣಿ ತಳದಲ್ಲಿ ಹೊಸ ತೂತು ಕೊರೆಯೋಕೆ ನಂಗೆ ಧೈರ್ಯ ಬರಲಿಲ್ಲ, ಟಾಯ್ಲೆಟ್‌ಗೆ ಸಮುದ್ರದ ನೀರು ಬರೋ ಪೈಪಿಗೆ ಸೀಕಾಕ್ (ದೋಣಿ ತಳದ ತೂತು ಮುಚ್ಚಿ ತೆಗೆಯೋ ವಾಲ್ವ್) ಆದ್ಮೇಲೆ ಒಂದು ವೈ ವಾಲ್ವ್ (ನೀರನ್ನ ಎರಡರಲ್ಲಿ ಒಂದು ಕಡೆಗೆ ಮಾತ್ರ ಬಿಡೋದು) ಹಾಕಿದ್ವಿ. ಬರೀ ಟೀ ಜಾಯಿಂಟ್ ಹಾಕಿದ್ರೆ ಟಾಯ್ಲೆಟ್ ಕಡೆಯಿಂದ ಪಂಪ್ ಗಾಳಿ ಎಳೆಯೋ ಸಾಧ್ಯತೆ ಇರುತ್ತೆ. ಎಳೆಯೋ ಕಡೆ ಹೋಸ್ ಗಟ್ಟಿಯಾಗಿರಬೇಕು, ಮೆತ್ತಗಿದ್ರೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತೆ. ಸ್ಟ್ರೈನರ್ ಕೈಗೆ ಸಿಗೋ ಕಡೆ ಇಡಿ, ಪಾಚಿ ಸಿಕ್ಕಿಹಾಕ್ಕೊಂಡಾಗ ಬಿಚ್ಚೋಕೆ ಬೇಕೇ ಬೇಕು.

ಡೆಕ್ ಮೇಲಿನ ನಲ್ಲಿ ಕೂರಿಸೋವಾಗ ದಯವಿಟ್ಟು ಆತುರ ಬೇಡ. ಫೈಬರ್ ಡೆಕ್ ಒಳಗೆ ಬಾಲ್ಸಾ ಮರ ಇದ್ರೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಕೊರೆಯಬೇಕು, ಇಲ್ಲಾಂದ್ರೆ ಒಳಗೆ ನೀರಿಳಿದು ಮರ ಕೊಳೆತುಹೋಗುತ್ತೆ. ನಮಗೆ ಇದಕ್ಕೇ ಎರಡು ದಿನ ಹಿಡೀತು.

ಕಿಟ್‌ನ ನಾಝಲ್ ಎರಡು ತಿಂಗಳಿಗೆ ಹಸಿರುಗಟ್ಟಿ ತಿರುಗದೇ ನಿಂತುಬಿಡ್ತು, ಈಗ ಸಾಧಾರಣ ಪ್ಲಾಸ್ಟಿಕ್‌ದು ಬಳಸ್ತಿದೀವಿ, ಆರಾಮಾಗಿದೆ. ಸುರುಳಿ ಹೋಸ್ ನೋಡೋಕೆ ಚೆಂದ ಅಷ್ಟೆ, ಕಾಲಿಗೆ ಸುತ್ತಿಕೊಳ್ಳುತ್ತೆ.

ತೊಳೆಯೋದು ಹೇಗೆ ಅಂದ್ರೆ ಇಬ್ಬರಿದ್ರೆ ಚೆನ್ನ. ಒಬ್ಬರು ವಿಂಡ್‌ಲಾಸ್‌ನಲ್ಲಿ (ಚೈನ್ ಎತ್ತೋ ಯಂತ್ರ) ಒಂದೊಂದು ಮೀಟರ್ ಎತ್ತಿ ನಿಲ್ಲಿಸಬೇಕು, ಇನ್ನೊಬ್ಬರು ಚೈನ್ ದೋಣಿ ಮೂತಿಲಿರೋ ರೋಲರ್‌ಗೆ ಬರೋ ಮುಂಚೆನೇ ಕೆಳಗೆ ಹೊಡೀಬೇಕು, ಕೆಸರು ಸಮುದ್ರಕ್ಕೇ ಬೀಳುತ್ತೆ, ಡೆಕ್ ಒದ್ದೆ ಆದ್ರೂ ಗಲೀಜಾಗಲ್ಲ. ಇಂಜಿನ್ ಓಡ್ತಿದ್ರೆ ವೋಲ್ಟೇಜೂ ಚೆನ್ನಾಗಿರುತ್ತೆ.

ಕೆಲಸ ಮುಗಿದ ಮೇಲೆ ಪ್ಯಾನೆಲ್‌ನಲ್ಲಿ ಸ್ವಿಚ್ ಆಫ್ ಮಾಡೋದು, ಸೀಕಾಕ್ ಮುಚ್ಚೋದು ಮರೀಬೇಡಿ. ಎಲ್ಲಾದ್ರೂ ಹೋಸ್ ಕಿತ್ಕೊಂಡ್ರೆ ಪ್ರೆಶರ್ ಇಳಿದಿದ್ದು ನೋಡಿ ಪಂಪ್ ತಾನಾಗೇ ಶುರುವಾಗಿ ಸಮುದ್ರನ ದೋಣಿ ಒಳಗೇ ತುಂಬ್ತಾ ಹೋಗುತ್ತೆ. ಅದಕ್ಕೇ ನಾನು ಪ್ಯಾನೆಲ್‌ನಲ್ಲಿ ಕೆಂಪು ದೀಪ ಇರೋ ಸ್ವಿಚ್ ಹಾಕಿಸಿದೀನಿ, ಆನ್ ಇದ್ರೆ ಮೆಟ್ಟಿಲು ಇಳಿಯೋವಾಗಲೇ ಕಣ್ಣಿಗೆ ಹೊಡೆಯುತ್ತೆ.

ಪಂಪಿಗೆ 5ಕ್ಕೆ 5, ಕಿಟ್‌ನ ಉಳಿದ ಸಾಮಾನಿಗೆ 2 ಕೊಡ್ತೀನಿ. ಇನ್ನೊಂದ್ಸಲ ಆದ್ರೆ ಪಂಪ್ ಮಾತ್ರ ಬಿಡಿಯಾಗಿ ತಗೊಂಡು ಹೋಸ್, ವೈರ್, ನಾಝಲ್ ಎಲ್ಲಾ ನಾನೇ ಆರಿಸ್ಕೋತೀನಿ.